ಎಂಟು ದಿನದ ನೀರು

ವಿದ್ಯಾನಗರದ ನಳಕ್ಕೆ ನೀರು ಎಂಟು ದಿನಕ್ಕೊಮ್ಮೆ.
ಬಂದ ರಾತ್ರಿ ಮನೆಯ ಕೊಡ ತುಂಬಲಿಲ್ಲ,
ಲ್ಯಾಬಿನ ಟಾಕಿ ತುಂಬಿದೆ, ನಾನೂರು ಲೀಟರು.
ಫೋನಿನಲ್ಲಿ ಅವ್ವ: "ಕುಡ್ಯಾಕಿಲ್ಲದ ನೀರಾಗ ಏನ್ ಹುಡುಕ್ತಿ?"
ಉಕ್ಕು, ಅಂದೆ.

ಸುಳ್ಳಲ್ಲ. ಕರಗಿದ ಉಕ್ಕು
ಬೆಲ್ಲದ ಪಾಕದ ಹಾಗೆ ಎಳೆಯುವುದಿಲ್ಲ;
ಸಾವಿರದೈನೂರು ಡಿಗ್ರಿಯಲ್ಲಿ ಹರಿಯುತ್ತದೆ
ಥೇಟ್ ನಳದ ನೀರಿನ ಹಾಗೆ.
ಅದಕ್ಕೇ ತಾಮ್ರದ ಅಚ್ಚಿನ ಬದಲು ಅಕ್ರಿಲಿಕ್ಕು,
ಮೇಲಿನ ಕಿಟ್ಟದ ಬದಲು ಎರಡು ಬೆರಳು ಕುಸುಬಿ ಎಣ್ಣೆ,
ಬಣ್ಣಕ್ಕೆ, ಬಾವಿಗೆ ಹಾಕುತ್ತಾರಲ್ಲ, ಆ ನೇರಳೆ ಪುಡಿ.

ಕೈಗೂಡಿಸಲು ಬಂದವರು ದಾವಲಸಾಬ ನದಾಫ,
ತಾರಿಹಾಳದ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ
ಅಚ್ಚಿನ ಬಾಯಿಗೆ ನಿಂತವರು. ಎಡ ಹುಬ್ಬಿಲ್ಲ.
ನೀಲಿ ಗಾಜಿನೊಳಗಿಂದ ಕಂಡದ್ದು ಮೇಲಿನ ಕೆನೆ ಮಾತ್ರ.
ಒಳಗೆ ಕಂಡವ ಹೇಳಲು ಉಳಿದಿಲ್ಲ, ಅನ್ನುತ್ತ ನಗುತ್ತಾರೆ.

ಪಂಪು ಒತ್ತಿದೆ.
ಕೊಳವೆಯ ಎರಡು ಕಿವಿಯಿಂದ ಎರಡು ನೇರಳೆ ಧಾರೆ
ಗೋಡೆಗೆ ಬಡಿದು, ಒಡೆದು,
ಅರ್ಧ ಮೇಲೆ ಎಣ್ಣೆಯತ್ತ, ಅರ್ಧ ತಳಕ್ಕೆ,
ಸುಳಿಯ ಹೊಟ್ಟೆಯಲ್ಲಿ ಸುಳಿ, ಅದರ ಹೊಟ್ಟೆಯಲ್ಲಿ ಇನ್ನೊಂದು,
ಕಣ್ಣಿಗೆ ಸಿಗದಷ್ಟು ಸಣ್ಣದಾಗುವ ತನಕ.
ಆಮೇಲೆ, ಯಾರೂ ಮುಟ್ಟದೆ, ಎಡಗಡೆ ಜೋರಾಯಿತು.
ತುಸು ಹೊತ್ತಿಗೆ ಬಲಗಡೆ.
ಎಣ್ಣೆಯ ಒಂದು ಹನಿ ಕತ್ತು ಉದ್ದ ಮಾಡಿ, ಹರಿದು,
ಕೆಳಗಿಳಿದೇ ಹೋಯಿತು. ಮೇಲೆ ಬರಲಿಲ್ಲ.

"ಇಷ್ಟ್ ಗದ್ದಲ ಇತ್ತೇನ್ರಿ ಒಳಗ?"
ದಾವಲಸಾಬರು ಅಕ್ರಿಲಿಕ್ಕಿಗೆ ಹಣೆ ಹಚ್ಚಿದರು.
"ಮ್ಯಾಲಿಂದ ನೋಡಿದ್ರ ಹಾಲಿನ ಪಾತೇಲಿ ಇದ್ದಂಗ ಇರ್ತಿತ್ತು."

ಒಂದು ಸಲ ಬಿಲ್ಲೆಟ್ಟಿನೊಳಗೆ ಬಟಾಣಿಯಷ್ಟು ಕಿಟ್ಟ ಸಿಕ್ಕಿತ್ತಂತೆ.
ಅವರ ಪಾಳಿ. ಕೈ ಅಲುಗಿಸಿದ್ದಿ ಅಂದು
ಮೂರು ದಿನದ ಪಗಾರ ಹಿಡಿದರು.
ರಂಜಾನು ಎದುರಿಗೇ ಇತ್ತು.
"ಅಲುಗಿಸಿರಲಿಲ್ಲ ಅಂತ ಇದ್ರಾಗ ಗೊತ್ತಾಗ್ತೈತೇನ್ರಿ?"

ಗೊತ್ತಾಗುವುದಿಲ್ಲ. ನನ್ನ ಬಳಿ ಸರಾಸರಿ ಇದೆ,
ಸರಾಸರಿಯಿಂದ ಎಷ್ಟು ಆಚೀಚೆ ಎಂಬುದಿದೆ,
ಆ ದಿನದ ಆ ಸುಳಿ ಇಲ್ಲ.
ಇಷ್ಟು ಹೇಳಬಲ್ಲೆ:
ಯಾರ ಕೈ ಅಲುಗದಿದ್ದರೂ ಇದು ಅಲುಗುತ್ತದೆ.

"ಹಂಗಾದ್ರ ಅಷ್ಟ ಬರೀರಿ."
ಬರೆದೆ, ವರದಿಯ ಹನ್ನೊಂದನೆಯ ಪುಟದಲ್ಲಿ, ಅಂಕಿಗಳಲ್ಲಿ.

ನೇರಳೆ ನೀರು ಚೆಲ್ಲಲಿಲ್ಲ,
ನಳಕ್ಕೆ ಇನ್ನೂ ಆರು ದಿನ.
ಸೌಟಿನಿಂದ ಎಣ್ಣೆ ಬಳಿದು ತೆಗೆಯುತ್ತಿದ್ದವರು
ನಡುವೆಯೇ ನಿಂತು,
"ಮತ್ತೊಮ್ಮೆ ಚಾಲೂ ಮಾಡ್ರಿ," ಅಂದರು,
"ಈ ಸಲ ಬಲಗಡೆ ನಾ ನೋಡ್ತೀನಿ."