ಹದಿಮೂರನೆಯದು

ತುಕುಮಾನ್ ಪ್ರಾಂತ್ಯದ ಆಹಾರ ಪ್ರಯೋಗಾಲಯದಲ್ಲಿ
ನನ್ನ ಕೆಲಸ ಸುಡುವುದು.
ಅಡುಗೆಯವರೂ ಸುಡುತ್ತಾರೆ, ನಿಜ;
ಅವರು ಕೆಂಪಗಾದೊಡನೆ ನಿಲ್ಲಿಸುತ್ತಾರೆ,
ನಾನು ಬೂದಿಯಾಗುವ ತನಕ.

ಬುಧವಾರ ಬೆಳಿಗ್ಗೆ ಎರ್ಮಿನಿಯಾ ಸೊರಾಯ್ರೆ ಬಂದಳು
ಫಮಾಯ್ಯಾದಿಂದ, ಎರಡು ಬಸ್ಸು ಬದಲಿಸಿ.
ಮಡಿಲಲ್ಲಿ ಬಟ್ಟೆ ಹೊದಿಸಿದ ಬುಟ್ಟಿ, ಬುಟ್ಟಿಯಲ್ಲಿ ಎಂಪನಾಡ,
ಅರ್ಧಚಂದ್ರದ ಖಾರದ ಕಡುಬು, ಇನ್ನೂ ಬೆಚ್ಚಗೆ.
ಶಾಲೆಯ ಮಕ್ಕಳ ಊಟದ ಪಟ್ಟಿಗೆ ಅದು ಸೇರಬೇಕಾದರೆ
ಪೌಷ್ಟಿಕಾಂಶದ ಕಾಗದ ಬೇಕಂತೆ, ಮೊಹರಿನ ಸಮೇತ.
"ಮೂವತ್ತೊಂದು ವರ್ಷ ಮಾರಿದ್ದೇನೆ,
ತಿಂದವರು ಯಾರೂ ಕಾಗದ ಕೇಳಲಿಲ್ಲ" ಎಂದಳು,
ಸಿಟ್ಟಿನಿಂದಲ್ಲ, ಲೆಕ್ಕ ಒಪ್ಪಿಸುವವಳ ಹಾಗೆ.

ವಿವರ ಬರೆದುಕೊಂಡೆ.
ಪಕ್ಕೆಯ ಮೇಲಿನ ತೆಳು ಮಾಂಸ, ಚಾಕುವಿನಲ್ಲೇ ಹೆಚ್ಚಿದ್ದು;
ಯಂತ್ರಕ್ಕೆ ಕೊಟ್ಟರೆ ರಸ ಮುನಿಸಿಕೊಳ್ಳುತ್ತದಂತೆ.
ಈರುಳ್ಳಿ, ಅದರ ಹಸಿರು ಸೊಪ್ಪು, ಜೀರಿಗೆ, ಮೆಣಸಿನ ಪುಡಿ,
ಬೇಯಿಸಿದ ಮೊಟ್ಟೆ. ಹಿಟ್ಟಿಗೆ ದನದ ಕೊಬ್ಬು.
"ಎಷ್ಟು ಕೊಬ್ಬು?"
ಅಂಗೈ ಚಾಚಿ ತೋರಿಸಿದಳು: ಇಷ್ಟು.
ಅಂಗೈ ತೂಗುವ ತಕ್ಕಡಿ ನಮ್ಮಲ್ಲಿರಲಿಲ್ಲ.
ಅಂಚಿನ ಮಡಿಕೆ ಹದಿಮೂರು. ನಾನೂ ಎಣಿಸಿದೆ.
ಒಂದು ಕಡಿಮೆಯಾದರೆ ಬಾಯಿ ಬಿಡುತ್ತದೆ,
ಒಂದು ಹೆಚ್ಚಾದರೆ ತುಟಿ ಬಿಗಿಯುತ್ತದೆ, ಅತ್ತೆಯರ ಹಾಗೆ.

ಆಮೇಲೆ ಕೇಳಿದಳು: "ಇವನ್ನೇನು ಮಾಡುತ್ತೀರಿ?"
ಹೇಳಿದೆ. ಒಣಗಿಸಿ ಪುಡಿ ಮಾಡುತ್ತೇವೆ,
ಒಂದು ಗ್ರಾಮಿನ ಗುಳಿಗೆಯೊತ್ತಿ ಉಕ್ಕಿನ ಭರಣಿಯಲ್ಲಿಟ್ಟು
ಆಮ್ಲಜನಕ ತುಂಬಿ ಕಿಡಿ ಹೊತ್ತಿಸುತ್ತೇವೆ.
ಸುತ್ತಲಿನ ನೀರು ಎಷ್ಟು ಬಿಸಿಯಾಯಿತೋ ಅಷ್ಟು ಅದರ ಸತ್ವ.
"ಅಂದರೆ, ನೀರಿಗೆ ತಿನ್ನಿಸುತ್ತೀರಿ."
ಕೈಪಿಡಿಯಲ್ಲಿ ಇಷ್ಟು ಚೆನ್ನಾಗಿ ಬರೆದಿಲ್ಲ.

ಗುಳಿಗೆ ಉರಿಯಿತು. ಸದ್ದಿಲ್ಲ, ಪರಿಮಳವಿಲ್ಲ.
ನೀರು ಎರಡೂವರೆ ಡಿಗ್ರಿ ಏರಿ ನಿಂತಿತು,
ಜ್ವರ ಬಂದ ಮಗುವಿನ ಹಣೆಯ ಹಾಗೆ.
ಉಂಡವರು ಹರಸುತ್ತಾರೆ, ನಿನ್ನ ಹೊಟ್ಟೆ ತಣ್ಣಗಿರಲಿ ಎಂದು;
ಒಂದು ಹೊಟ್ಟೆ ತಣ್ಣಗಾಗಲು
ಇಷ್ಟು ಬೆಂಕಿ ಒಳಗೆ ಇಳಿಯಬೇಕು.

ಒಂದಕ್ಕೆ ಇನ್ನೂರ ನಲವತ್ತೆರಡು ಕ್ಯಾಲೊರಿ.
ಪ್ರೋಟೀನು ಒಂಬತ್ತು ಗ್ರಾಂ, ಪಿಷ್ಟ ಇಪ್ಪತ್ತು,
ಕೊಬ್ಬು ಹದಿನಾಲ್ಕು. ಬಾಗಿಲಲ್ಲಿ ಎರಡೆರಡು ಸಲ ಬೂಟು ಒರೆಸಿಕೊಂಡು
ಒಳಗೆ ಬಂದ ಹೆಂಗಸಿಗೆ
ನಿನ್ನಲ್ಲಿ ಕೊಬ್ಬು ಹೆಚ್ಚು ಎಂದು ಬರೆದುಕೊಡುವುದು ಹೇಗೆ?

ಹನ್ನೆರಡು ಸಾಕೆಂದಿದ್ದೆ. ಬುಟ್ಟಿಯ ತಳದಲ್ಲಿ
ಹದಿಮೂರನೆಯದು ಇತ್ತು, ಪೆನ್ಸಿಲಿನ ಚೀಟಿ ಸುತ್ತಿ:
ಸುಡುವವನಿಗೆ.
ಮಾದರಿಗಳನ್ನು ತಿನ್ನಬಾರದು ಎಂಬ ಫಲಕದ ಕೆಳಗೇ,
ತೊಟ್ಟಿಯ ಮುಂದೆ ಕಾಲಗಲಿಸಿ ಬಗ್ಗಿ ನಿಂತೆ,
ನಮ್ಮೂರಲ್ಲಿ ಎಲ್ಲರೂ ನಿಲ್ಲುವ ಹಾಗೆ.
ಆದರೂ ರಸ ಮೊಣಕೈ ತನಕ ಇಳಿಯಿತು.

ಸಕ್ಕರೆ ಗಿರಣಿ ಮುಚ್ಚಿದ ವರ್ಷ
ಅಮ್ಮ ಒಂದನ್ನು ಮೂವರು ಮಕ್ಕಳಿಗೆ ಕತ್ತರಿಸುತ್ತಿದ್ದಳು.
ತಲೆಗೆ ಎಂಬತ್ತು ಚಿಲ್ಲರೆ, ಈಗ ಗೊತ್ತಾಗುತ್ತದೆ.
ಮೊಟ್ಟೆ ಸಿಕ್ಕ ತುಂಡು ಯಾರದೆಂದು ಜಗಳವಾಡಿದೆವು;
ನಾಲ್ಕನೆಯ ತುಂಡು ಎಲ್ಲಿ ಎಂದು
ಯಾರಿಗೂ ಕೇಳಬೇಕೆನಿಸಲಿಲ್ಲ.
ಚಾಕು ನೆಕ್ಕಿ ಅವಳು ನೀರು ಕುಡಿಯುತ್ತಿದ್ದಳು.

ಮಾದರಿಗಳ ಸಂಖ್ಯೆ: ಹನ್ನೆರಡು, ಎಂದು ಬರೆದೆ.

ಶುಕ್ರವಾರ ಎರ್ಮಿನಿಯಾ ಕಾಗದವನ್ನು ಬೆಳಕಿಗೆ ಹಿಡಿದಳು.
ಅಂಕಿಗಳ ಮೇಲೆ ಕಣ್ಣು ನಿಲ್ಲಲಿಲ್ಲ.
ಅಂಚಿನಲ್ಲಿ ಬೆರಳಗಲ ಎಣ್ಣೆಯ ಕಲೆ,
ಅದರೊಳಗಿಂದ ಕಿಟಕಿ ಮಸುಕಾಗಿ ಕಾಣುತ್ತಿತ್ತು.
"ನಿಂಬೆ ಹಿಂಡಿಕೊಂಡಿರಾ?"
ಇಲ್ಲವೆಂದೆ.
ತಲೆಯಾಡಿಸಿದಳು, ಬಾಕಿ ಉಳಿಯಿತು ಎನ್ನುವ ಹಾಗೆ,
ಆಮೇಲೆ ಮೊಹರನ್ನು ನನ್ನ ಕಡೆಗೆ ಸರಿಸಿದಳು.