ಅನುಮತಿಸು, ಬೇಡ

ಹೆಸರು ದೈವಾ. ನಮ್ಮ ಕಡೆಯ ದೈವವಲ್ಲ;
ಕ್ಲೈಪೆದಾ ಬಂದರಿನ ಹಿಂಬೀದಿಯಲ್ಲಿ, ಮೂರನೇ ಮಹಡಿಯಲ್ಲಿ
ಉಣ್ಣೆಯ ಕಾಲುಚೀಲ ತೊಟ್ಟು ಕೋಡ್ ಬರೆಯುವ ಹೆಂಗಸು.
ಅವಳನ್ನು ನೆಚ್ಚಿದವರು ನೂರ ಹದಿನೇಳು ಮಂದಿ,
ಕೈ ಆಡದವರು; ಉಸಿರು ಊದಿ, ನಾಲಗೆ ಚಾಚಿ, ಹುಬ್ಬು ಹಾರಿಸಿ
ಪರದೆಯ ಮೇಲೊಂದು ಬಾಣ ನಡೆಸುವವರು.

ಅವರಲ್ಲಿ ವೈದೋತಾಸ್,
ಮೂವತ್ತೊಂದು ವರ್ಷ ಕ್ರೇನಿನ ನೆತ್ತಿಯಲ್ಲಿ ಕೂತು
ಹಡಗಿನ ಹೊಟ್ಟೆಯಿಂದ ಟನ್ನುಗಟ್ಟಲೆ ಪೆಟ್ಟಿಗೆ ಎತ್ತಿ
ನಿದ್ದೆಹೋದ ಕೂಸನ್ನು ತೊಟ್ಟಿಲಿಗಿಟ್ಟಂತೆ ಇಳಿಸುತ್ತಿದ್ದವನು.
ಈಗ ಎಡಹುಬ್ಬು ಒಂದೇ ಹೇಳಿದ ಮಾತು ಕೇಳುತ್ತದೆ.
ಎತ್ತಿಬಿಟ್ಟರೆ ಕ್ಲಿಕ್. ಎತ್ತಿ ಹಿಡಿದರೆ ಎಳೆತ.

ಮಂಗಳವಾರ ರಾತ್ರಿ ಕಂಪ್ಯೂಟರು ತಾನೇ ತಾನಾಗಿ ಅಪ್‌ಡೇಟ್ ಆಯಿತು.
ಬುಧವಾರ ಬೆಳಿಗ್ಗೆ ಪರದೆಯ ನಡುಮಧ್ಯೆ ಒಂದು ಕಿಟಕಿ:
ಈ ತಂತ್ರಾಂಶ ನಿಮ್ಮ ಕಂಪ್ಯೂಟರನ್ನು ನಡೆಸಲು ಬಯಸುತ್ತದೆ.
ಕೆಳಗೆ ಎರಡು ಗುಂಡಿ.

ಹುಬ್ಬೆತ್ತಿದ. ಬಾಣ ಮಿಸುಕಲಿಲ್ಲ.
ಮಿಸುಕಲು ಅನುಮತಿ ಬೇಕು, ಅನುಮತಿ ಒತ್ತಲು ಮಿಸುಕಬೇಕು;
ಬೀಗದಕೈ ಪೆಟ್ಟಿಗೆಯೊಳಗೆ, ಪೆಟ್ಟಿಗೆಗೆ ಬೀಗ.
ಆ ಗುಂಡಿ ಒಪ್ಪುವುದು ನಿಜದ ಬೆರಳನ್ನು ಮಾತ್ರ.
ಆರರಿಂದ ಒಂಬತ್ತರವರೆಗೆ
ಅವನು, ಆ ಕಿಟಕಿ, ಇಬ್ಬರೇ.

ಒಂಬತ್ತಕ್ಕೆ ದೋಣಿ ದಾಟಿ ದಾದಿ ನಿಯೋಲೆ ಬಂದಳು,
ಕೈಗವಸು ಕಳಚಿ ಒತ್ತಿದಳು, ದೈವಾಗೆ ಫೋನು ಹಚ್ಚಿದಳು:
'ಪಟ್ಟಿಯಲ್ಲಿ ಹೆಸರಿದೆ. ಎದುರಿಗೆ ಟಿಕ್ಕೂ ಇದೆ. ಆದರೂ ಇಲ್ಲ.'

ದೈವಾ ಕೊಟ್ಟರೂ ಪೂಜಾರಿ ಕೊಡ.
ಈ ಪೂಜಾರಿಗೆ ಮಡಿ ಜಾಸ್ತಿ. ನಿನ್ನೆ ತನಕ ಒಳಗೆ ಓಡಾಡಿಕೊಂಡಿದ್ದವನನ್ನು
ಇಂದು ಹೊಸ್ತಿಲಲ್ಲಿ ತಡೆದು ಗೋತ್ರ ಕೇಳುತ್ತಾನೆ.
ಹೆಸರು ಅದೇ, ಚಿತ್ರ ಅದೇ, ಸಹಿ ಮಾತ್ರ ಹೊಸದು,
ಡಿಸೆಂಬರಿನಲ್ಲಿ ದುಡ್ಡು ಕಟ್ಟಿ ಅವಳೇ ಬದಲಿಸಿದ್ದು;
ಆ ಟಿಕ್ಕು ಹಳೆಯ ಸಹಿಗೆ ಇಟ್ಟ ಕುಂಕುಮ.
ಪಟ್ಟಿಯಿಂದ ಅಳಿಸಿ, ಮತ್ತೆ ಸೇರಿಸಬೇಕು.
ಸೇರಿಸಲು ಪಾಸ್‌ವರ್ಡ್ ಬೇಕು.
ಅದು ಗೊತ್ತಿರುವುದು ಅವನೊಬ್ಬನಿಗೆ.

ನಿಯೋಲೆ ಅಕ್ಷರದ ಹಲಗೆ ತಂದು ಬೆರಳಾಡಿಸತೊಡಗಿದಳು.
'ಬಾಲವಿಲ್ಲದ ಆ? ಬಾಲವಿರುವ ಆ? ದೊಡ್ಡದೋ, ಚಿಕ್ಕದೋ?'
ಫೋನಿನ ಈಚೆ ದೈವಾ ಕಾಯುತ್ತಾಳೆ, ಚಹಾ ಆರುತ್ತದೆ.

ಇನ್ನೊಂದು ಪರದೆಯಲ್ಲಿ ಅವಳ ಹನ್ನೊಂದು ಸಾಲು ತೆರೆದಿವೆ.
ಹೋದ ಚಳಿಗಾಲ ನಿದ್ದೆಗೆಟ್ಟು ಕಂಡ ಬಿರುಕು ಅದು:
ಪೂಜಾರಿ ರೆಪ್ಪೆ ಬಡಿಯುವಷ್ಟರಲ್ಲಿ ಒಳಗೆ ಕೈಹಾಕಿ
ಗುಂಡಿಯನ್ನು ತಾನೇ ಒತ್ತಿ ಬರುವ ಉಪಾಯ.
ಕಳಿಸಿಬಿಟ್ಟರೆ ನೂರ ಹದಿನೇಳು ಮನೆಗಳಲ್ಲಿ
ಆ ಕಿಟಕಿಯ ಕಾಟ ಇರದು.
ಆದರೆ ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಾರದೆ ಇರುತ್ತದೆಯೆ?
ಚಿಕ್ಕಮ್ಮನ ಪಿಂಚಣಿಯನ್ನು ಮೇ ತಿಂಗಳಲ್ಲಿ ನುಂಗಿದ್ದೂ
ಸಹಾಯಕ ಎಂಬ ಹೆಸರಿನದೇ ಒಂದು ತಂತ್ರಾಂಶ,
ನಗುಮುಖದ ಚಿತ್ರ, ಕೇಳಿದಲ್ಲೆಲ್ಲ ಅನುಮತಿಸು.
ಹನ್ನೊಂದು ಸಾಲು. ಅಳಿಸಲಿಲ್ಲ.
ಕಳಿಸಲೂ ಇಲ್ಲ.

ಐದನೇ ಅಕ್ಷರಕ್ಕೆ ನಿಯೋಲೆ ತಡವರಿಸಿದಳು.
ಏಳಕ್ಕೆ ಉಸಿರು ಬಿಗಿಹಿಡಿದಳು.
ಒಂಬತ್ತಕ್ಕೆ ತಡೆಯಲಾರದೆ ನಕ್ಕಳು, ಹಲಗೆ ಕೆಳಗೆ ಬಿದ್ದ ಸದ್ದು.
'ಇದು ಫೋನಿನಲ್ಲಿ ಹೇಳುವಂಥದ್ದಲ್ಲ ತಾಯಿ!
ಯಾರೋ ಮೇಸ್ತ್ರಿಯ ಹೆಸರು, ಅವನ ಅಮ್ಮನ ಸುದ್ದಿ,
ಕೊನೆಗೆ ಕ್ರೇನಿನ ನಂಬರು.'
ಮೂರು ವರ್ಷದಿಂದ ಮೈ ಒರೆಸಿ, ಗಂಜಿ ಕುಡಿಸಿದ ಮನುಷ್ಯ;
ಅವನ ಬಾಯಲ್ಲಿ ಇಂಥ ಬೈಗುಳ ಇದ್ದೀತೆಂದು
ಅವಳು ಎಣಿಸಿರಲೇ ಇಲ್ಲ.

ಒಂಬತ್ತೂಮುಕ್ಕಾಲಕ್ಕೆ ಬಾಣ ಅಲುಗಿತು,
ಗಾಳಿಗೆ ಸಿಕ್ಕ ಕೊಕ್ಕೆಯ ಹಾಗೆ ಮೊದಲು ಓಲಾಡಿ
ಆಮೇಲೆ ಹಿಡಿತಕ್ಕೆ ಬಂತು.
ದೈವಾಳ ಪರದೆಗೆ ಒಂದೊಂದೇ ಅಕ್ಷರ ಇಳಿದು ಬಂದವು,
ಮೆಲ್ಲಗೆ, ತೊಟ್ಟಿಲಿಗೆ ಇಟ್ಟಂತೆ.
ಧನ್ಯವಾದವಿರಬೇಕೆಂದು ಓದಿದಳು.

'ಪಾಸ್‌ವರ್ಡ್ ಬದಲಿಸುವುದು ಹೇಗೆ, ಹೇಳು.
ನಿಯೋಲೆ ಅತ್ತ ಹೋಗಲಿ ಮೊದಲು.'