ಮರದ ಗಿಲಕಿ

ಶುಭ ಶುಕ್ರವಾರ ಕಂಚಿನ ಗಂಟೆಗೆ ಬಾಯಿಲ್ಲ.
ಮಿರ್ನಾರ್ ಪೆದ್ರು ಮರದ ಗಿಲಕಿ ಹಿಡಿದು
ಇಗರ್ಜಿಯ ಸುತ್ತ ತಿರುಗಿಸುತ್ತ ಬಂದ, ಕಟಕಟ ಕಟಕಟ.
ಗುಡ್ಡದ ಬುಡದ ಶಾಲೆಯಲ್ಲಿ ಬೀಡುಬಿಟ್ಟಿದ್ದ ನಮ್ಮ ತುಕಡಿ
ಗುಂಡು ಎಂದುಕೊಂಡು ನೆಲಕ್ಕೆ ಬಿತ್ತು.
ಗಂಜಿ ಚೆಲ್ಲಿತು, ಸಾಹೇಬರ ಟೋಪಿ ಚರಂಡಿಗೆ ಉರುಳಿತು.
ನಾನೊಬ್ಬ ನಿಂತೇ ಇದ್ದೆ.
ಆರು ವರ್ಷದವನಿದ್ದಾಗಿಂದ ಗೊತ್ತು ನನಗೆ ಆ ಸದ್ದು.

ಹಾಗೆ ಸಿಕ್ಕಿಬಿದ್ದೆ.
"ಓಹೋ, ನೀನು ಅವರ ಪೈಕಿಯಾ?" ಎಂದರು ಸಾಹೇಬರು,
ಮಂಡಿಯ ಮಣ್ಣು ಕೊಡವುತ್ತ.
ಸರ್ವಿಸ್ ಪುಸ್ತಕದಲ್ಲಿ ಇನಾಸ ಕಾರ್ವಾಲೊ ಎಂದೇ ಇತ್ತು,
ಎಲ್ಲರ ಬಾಯಲ್ಲಿ ಈನಪ್ಪನಾಗಿದ್ದೆ.

"ಆ ಹುಡುಗಿ ರಾತ್ರಿ ಪಾದ್ರಿ ಹತ್ತಿರ ಬರ್ತಾಳಂತೆ.
ನಿಮ್ಮಲ್ಲಿ ಪೆಟ್ಟಿಗೆಯೊಳಗೆ ಕೂತು ಅದೇನೋ ಹೇಳ್ಕೊಳ್ಳೋದಿದೆಯಲ್ಲ,
ಹೋಗಿ ಹೇಳಿಸ್ಕೊಂಡು ಬಾ."
ಸಾರ್, ಅಲ್ಲಿ ಹೇಳಬೇಕಾದವನು ನಾನು, ಅವರಲ್ಲ
ಎಂದು ತಿದ್ದುವ ಗತ್ತು ಹೆಡ್ ಕಾನ್ಸ್‌ಟೇಬಲಿಗೆ ಇರುವುದಿಲ್ಲ.

ಶನಿವಾರ ಸಂಜೆ. ಪೆಟ್ಟಿಗೆಗೆ ಗೆದ್ದಲು ಹಿಡಿದಿತ್ತು.
ಜಾಲರಿಯಾಚೆ ಫಾದರ್ ಮರ್ಸೆಲ್ ರೇಗೊ, ಜೊತೆಗೆ ನಶ್ಯದ ವಾಸನೆ:
ಮೂಗಿಗೂ ಅದೇ, ಕಾಲು ಹತ್ತಿದ ಇಂಬಳಕ್ಕೂ ಅದೇ.
ಪಾಪಗಳನ್ನು ಉರುಹೊಡೆದು ಬಂದಿದ್ದೆ:
ಕುಡಿತ, ಕೆಟ್ಟ ಮಾತು, ಮೂರು ಭಾನುವಾರ ತಪ್ಪಿದ ಪೂಜೆ.
ಮೂರಲ್ಲ, ಹದಿನೇಳು ವರ್ಷ.
ಆಮೇಲೆ ಮೆಲ್ಲಗೆ,
"ಸೆರಪಿನಾ ನಮಗೆ ದೂರದ ನೆಂಟಳು ಫಾದರ್,
ಹುಷಾರಾಗಿದ್ದಾಳಾ?"

ಸ್ವಲ್ಪ ಹೊತ್ತು ಗೆದ್ದಲು ಮಾತ್ರ ಕೆಲಸ ಮಾಡಿತು.

"ನಿನಗಿಂತ ಮುಂಚೆ ಇಲ್ಲಿ ಮಂಡಿಯೂರಿದವರು
ಬಿಟ್ಟುಹೋದದ್ದು ನನ್ನ ಹತ್ತಿರ ಇಲ್ಲ ಇನಾಸ,
ಅದು ಬಾವಿಗೆ ಬಿದ್ದ ಕಲ್ಲು.
ಎಸ್ಟೇಟಿನ ಧಣಿಗಳು ಕೋವಿ ಮಂತ್ರಿಸಿಕೊಡಿ ಎಂದರು,
ಕೆಂಪು ಬಾವುಟದವರು ತಮ್ಮದನ್ನೂ ಎಂದರು.
ಎರಡಕ್ಕೂ ಸಾಲುವಷ್ಟು ತೀರ್ಥ ಇರಲಿಲ್ಲ.
ಜ್ವರದ ಮಾತ್ರೆ ಕೇಳಿದರು, ಕೊಟ್ಟೆ.
ನಿಮ್ಮ ಕ್ಯಾಂಪಿಗೂ ಕೊಟ್ಟಿದ್ದೇನೆ.
ನೀನು ತಂದದ್ದೇನು? ಅದನ್ನು ಹೇಳು."

ನಾನು ತಂದದ್ದು.
ಕೆರೆಮೂಲೆಯ ಗಸ್ತು. ಬೆಳಗಿನ ಜಾವ.
ಚೊಂಬು ಹಿಡಿದು ಗದ್ದೆಯಂಚಿಗೆ ಇಳಿದ ಮುದುಕ.
ಯಾರದು ಎಂದದ್ದು ನಾನೇ,
ಉತ್ತರಕ್ಕೆ ಕಾಯದವನೂ ನಾನೇ.
ಬೆಳಕು ಹರಿಯುವಷ್ಟರಲ್ಲಿ ಅವನ ಕೈಯಲ್ಲಿ ಚೊಂಬಿರಲಿಲ್ಲ,
ನಾವಿಟ್ಟ ನಾಡಕೋವಿ ಇತ್ತು.
ಪತ್ರಿಕೆಯವರಿಗೆ ಸಾಹೇಬರು ಅವನಿಗೊಂದು ಹೆಸರು ಕೊಟ್ಟರು,
ಕ್ರಾಂತಿಕಾರನಿಗೆ ಒಪ್ಪುವಂಥದ್ದು.

ಫಾದರ್ ಸೀನಲಿಲ್ಲ, ಕೆಮ್ಮಲಿಲ್ಲ.
"ಹತ್ತು ನಮೋ ಮರಿಯ ಹೇಳು ಎಂದರೆ ಅಗ್ಗವಾಗುತ್ತದೆ.
ಅವನ ನಿಜವಾದ ಹೆಸರು ಹುಡುಕು,
ಅದೇ ನಿನ್ನ ಪ್ರಾಯಶ್ಚಿತ್ತ."

"ಪಾದ್ರಿಗೆ ಏನೂ ಗೊತ್ತಿಲ್ಲ ಸಾರ್" ಎಂದೆ ಕ್ಯಾಂಪಿನಲ್ಲಿ.
ನೌಕರಿಯಲ್ಲಿ ನಾನು ಹೇಳಿದ ಸುಳ್ಳುಗಳಲ್ಲಿ
ಅದೊಂದಕ್ಕೇ ನಾಲಿಗೆ ತಡವರಿಸಲಿಲ್ಲ.

ಸೆರಪಿನಾ ಆಷಾಢದಲ್ಲಿ ಸತ್ತಳು, ಆ ಗಸ್ತಿನಲ್ಲಿ ನಾನಿರಲಿಲ್ಲ.
ಚಿರೆಕಲ್ಲು ಒಡೆಯುವ ಅವಳಪ್ಪ ಹೆಣ ಕೇಳಿ ತಂದ.
ಸಿಮಿಸ್ತ್ರಿಯಲ್ಲಿ ಜಾಗವಿಲ್ಲ ಎಂದರು ಗುರ್ಕಾರರು;
ಗುಂಡು ಹಿಡಿದವಳಿಗೆ ಎಂಥ ಶಿಲುಬೆ?
ಗೋಡೆ ಪಕ್ಕ ಪಾದ್ರಿಗಳಿಗೆಂದು ಮೀಸಲಿಟ್ಟ ಜಾಗದಲ್ಲಿ
ಮುಂದಿನದು ನನ್ನದು ತಾನೇ ಎಂದರು ಫಾದರ್,
ನಿಲುವಂಗಿ ಎತ್ತಿ ಕಟ್ಟಿ ತಾವೇ ಹಾರೆ ಹಿಡಿದರು.
ಮರುವಾರ ಬಿಷಪ್ಪರ ಕಾಗದ ಬಂತು.
ಬಯಲುಸೀಮೆಯ ಯಾವುದೋ ಆಸ್ಪತ್ರೆಯ ಚಾಪೆಲಿಗೆ ವರ್ಗ.

ನಿವೃತ್ತಿಯಾದ ವರ್ಷ ಕೆರೆಮೂಲೆಗೆ ಹೋದೆ, ಲುಂಗಿ ಉಟ್ಟು.
ಮೂರು ಮನೆ ಕೇಳಿದೆ. ನಾಲ್ಕನೆಯದರಲ್ಲಿ ಮುದುಕಿ ಮೊರ ಕೆಳಗಿಟ್ಟು
ಹೆಸರು ಹೇಳಿದಳು: ಬೊಮ್ಮ.
ಪೂರ್ತಿ? ಪೂರ್ತಿಯೇ ಅಷ್ಟು.
ಬೆಲ್ಲದ ಕಾಫಿ ಕೊಟ್ಟಳು, ಕುಡಿಯುವುದನ್ನು ನೋಡುತ್ತ ಕೂತಳು.
"ನೀವು ಅವರಿಗೆ ಏನಾಗಬೇಕು?" ಎಂದಳು.

ಹೆಸರು ಒಪ್ಪಿಸಲು ಫಾದರನ್ನು ಹುಡುಕಿದೆ,
ಅಷ್ಟರಲ್ಲಿ ಅವರೂ ಮಣ್ಣಾಗಿದ್ದರು,
ಅಪರಿಚಿತರ ಸಾಲಿನಲ್ಲಿ.

ಹೆಸರು ನನ್ನಲ್ಲೇ ಇದೆ, ಮುದುಕಿಯ ಪ್ರಶ್ನೆಯೂ.
ಶುಭ ಶುಕ್ರವಾರ ಶಿವಮೊಗ್ಗದ ಗಲ್ಲಿಯಲ್ಲಿ
ಎಲ್ಲಿಂದಲೋ ಕಟಕಟ ಕೇಳಿದರೆ
ಈಗ ನಾನೂ ಬಗ್ಗುತ್ತೇನೆ.